ವೆಲ್ಡಿಂಗ್ ಇನ್‌ಸ್ಪೆಕ್ಟರ್ ಪರೀಕ್ಷೆ: ನೀವು ಕೇಳಿದ್ದು, ನಾವು ಹೇಳಿದ್ದು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಸ್ಟೀಲ್ ಕೆಲಸ ಮತ್ತು ವೆಲ್ಡಿಂಗ್ ತಪಾಸಣೆಯ ಪರೀಕ್ಷೆಗಳ ಬಗ್ಗೆ. ಅದಕ್ಕೆ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ನಾನು ಪಿಯುಸಿ ಆದಮೇಲೆ ಐಟಿಐ ವೆಲ್ಡರ್ ಮಾಡಿದವನು. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ಏಳೆಂಟು ವರ್ಷ ದುಡಿದಿದ್ದೇನೆ. ಇನ್‌ಸ್ಪೆಕ್ಟರ್ ಆಗಬೇಕು ಅಂತ ಆಸೆ. ಸಿಡಬ್ಲ್ಯುಐ ಮಾಡಲೋ, ಸಿಎಸ್‌ಡಬ್ಲ್ಯುಐಪಿ ಮಾಡಲೋ?
(ಮುಧೋಳದ ಓದುಗರು)

ಉತ್ತರ: ಎಲ್ಲಿ ಕೆಲಸ ಮಾಡಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡಿ, ಆಮೇಲೆ ಪರೀಕ್ಷೆ ಆರಿಸಿ. ಎರಡೂ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಪ್ರಮಾಣಪತ್ರಗಳೇ. ಸಿಡಬ್ಲ್ಯುಐ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯದು. ಸಿಎಸ್‌ಡಬ್ಲ್ಯುಐಪಿ 3.1 ಬ್ರಿಟನ್ನಿನ ಟಿಡಬ್ಲ್ಯುಐ ಕಡೆಯದು, ಅವರ ಭಾರತದ ಕಚೇರಿ ಚೆನ್ನೈನಲ್ಲಿದೆ. ಮೊದಲನೆಯದನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು, ಎರಡನೆಯದನ್ನು 5 ವರ್ಷಕ್ಕೊಮ್ಮೆ. ಕೊಲ್ಲಿ ದೇಶಗಳಿಗೆ ಹೋಗೋರಿಗೆ ಎರಡೂ ನಡೆಯುತ್ತವೆ. ಯಾವ ಕಂಪನಿಗೆ ಅರ್ಜಿ ಹಾಕಬೇಕು ಅಂತಿದ್ದೀರೋ ಅವರು ಏನು ಕೇಳುತ್ತಾರೆ ನೋಡಿ, ಅದನ್ನೇ ಮಾಡಿ. ಊರಲ್ಲೇ ಇರೋದಾದರೆ ಡಿಪಿ ಟೆಸ್ಟ್ (ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕೋದು), ಅಲ್ಟ್ರಾಸಾನಿಕ್ ಟೆಸ್ಟ್ (ಶಬ್ದದ ಅಲೆಯಿಂದ ಒಳಗಿನ ದೋಷ ನೋಡೋದು) ಇವುಗಳ ಲೆವೆಲ್ 2 ಪ್ರಮಾಣಪತ್ರ ಮೊದಲು ಮುಗಿಸಿ. ಖರ್ಚು ಕಡಿಮೆ, ಕೆಲಸವೂ ಬೇಗ ಸಿಗುತ್ತದೆ.

ನಿಮ್ಮ ನಿಜವಾದ ತೊಂದರೆ ಮಾತ್ರ ಬೇರೆಯೇ ಇದೆ, ಅದನ್ನು ನೀವು ಕೇಳಿಲ್ಲ. ಸಿಡಬ್ಲ್ಯುಐಗೆ ಹೈಸ್ಕೂಲ್ ಮುಗಿಸಿದವರಿಗೆ, ಅಮೆರಿಕದ ಲೆಕ್ಕದಲ್ಲಿ 12ನೇ ತರಗತಿ, 5 ವರ್ಷದ ಅನುಭವ ಬೇಕು. ಅಷ್ಟಿಲ್ಲದವರಿಗೆ ಸಿಎಡಬ್ಲ್ಯುಐ ಅಂತ ಕೆಳಗಿನ ಮೆಟ್ಟಿಲು ಇದೆ. ನಿಮಗೆ ಅನುಭವ ಇದೆ, ಕಾಗದ ಇದೆಯಾ? ಕಬ್ಬು ಅರೆಯೋದು ನಿಂತ ಮೇಲೆ ಆಫ್ ಸೀಸನ್‌ನಲ್ಲಿ ಒಬ್ಬ ಗುತ್ತಿಗೆದಾರ, ಮುಂದಿನ ವರ್ಷ ಇನ್ನೊಬ್ಬ, ಲೆಕ್ಕ ಚುಕ್ತಾ ಆದಮೇಲೆ ಯಾರೂ ಪತ್ರ ಬರೆದು ಕೊಡೋದಿಲ್ಲ, ನಮ್ಮ ಹುಡುಗರು ಕೇಳೋದೂ ಇಲ್ಲ. ಇವತ್ತೇ ಶುರು ಮಾಡಿ. ಹಳೆಯ ಗುತ್ತಿಗೆದಾರರನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಕೆಲಸ, ಬಾಯ್ಲರ್ ಟ್ಯೂಬೋ, ಜ್ಯೂಸ್ ಟ್ಯಾಂಕೋ, ಶೆಡ್ಡಿನ ಟ್ರಸ್ಸೋ ಅನ್ನೋದನ್ನ ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳಿ. ವೆಲ್ಡಿಂಗ್ ಮಾಡಿದ್ದು, ರಿಪೇರಿ ಮಾಡಿದ್ದು ಎಲ್ಲವೂ ಅನುಭವವೇ, ಸುಮ್ನೆ ಹಾಳು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಬಿಇ. ಉದ್ಯಮಬಾಗದ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಸಿಡಬ್ಲ್ಯುಐನ ಪಾರ್ಟ್ ಎ, ಪಾರ್ಟ್ ಸಿ ಪಾಸಾದೆ. ದಿನಾ ವೆಲ್ಡ್ ನೋಡುವ ನಾನೇ ಪ್ರಾಕ್ಟಿಕಲ್‌ನಲ್ಲಿ ಫೇಲು. ಎಲ್ಲಿ ಎಡವಿದೆ?
(ಬೆಳಗಾವಿಯ ಓದುಗರು)

ಉತ್ತರ: ದಿನಾ ವೆಲ್ಡ್ ನೋಡುವುದೇ ನಿಮಗೆ ಅಡ್ಡ ಬಂದಿರಬಹುದು. ಹೀಗೆ ಬರೆದವರು ನೀವೊಬ್ಬರೇ ಅಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾರ್ಟ್ ಎ ಅಂದರೆ ಮೂಲ ತಿಳಿವಳಿಕೆ. 150 ಪ್ರಶ್ನೆ, 2 ಗಂಟೆ, ಒಂದಕ್ಕೆ 48 ಸೆಕೆಂಡ್. ಪಾರ್ಟ್ ಸಿ ಕೋಡ್ ಪುಸ್ತಕ ಎದುರಿಗಿಟ್ಟುಕೊಂಡು ಬರೆಯುವುದು. ಸ್ಟೀಲ್ ಕಟ್ಟಡದವರು ಡಿ1.1 ಅನ್ನೋ ಅಮೆರಿಕದ ಸ್ಟೀಲ್ ವೆಲ್ಡಿಂಗ್ ಕೋಡ್ ಆರಿಸುತ್ತಾರೆ. ನೀವು ಎಡವಿದ ಪ್ರಾಕ್ಟಿಕಲ್ಲೇ ಪಾರ್ಟ್ ಬಿ, 46 ಪ್ರಶ್ನೆ, 2 ಗಂಟೆ. ಪ್ರತಿ ಪಾರ್ಟ್‌ನಲ್ಲೂ ಶೇ. 72 ಬರಲೇಬೇಕು. ಒಂದರಲ್ಲಿ ಜಾಸ್ತಿ ಬಂದದ್ದು ಇನ್ನೊಂದಕ್ಕೆ ಸೇರುವುದಿಲ್ಲ.

ಈ ಪಾರ್ಟ್ ಬಿಯಲ್ಲಿ ನಿಮಗೆ ಪ್ಲಾಸ್ಟಿಕ್ಕಿನ ವೆಲ್ಡ್ ಮಾದರಿ, ಅಳೆಯೋ ಗೇಜ್‌ಗಳು, ಜೊತೆಗೆ ಪರೀಕ್ಷೆಗಂತಲೇ ಮಾಡಿದ ಒಂದು ಸ್ಪೆಸಿಫಿಕೇಶನ್ ಪುಸ್ತಕ ಕೊಡುತ್ತಾರೆ. ಆ ಪುಸ್ತಕ ಡಿ1.1 ಅಲ್ಲ. ಅದರ ಮಿತಿಗಳೇ ಬೇರೆ. ಅನುಭವಸ್ಥರು ಜಾರೋದು ಇಲ್ಲೇ ನೋಡಿ. ಅಂಡರ್‌ಕಟ್ (ವೆಲ್ಡಿನ ಅಂಚಿನಲ್ಲಿ ಪ್ಲೇಟ್ ಕರಗಿ ಬಿದ್ದ ತಗ್ಗು) ಕಂಡ ಕೂಡಲೇ ತಲೆಯಲ್ಲಿರುವ ಸಂಖ್ಯೆ ಎದ್ದು ಬರುತ್ತದೆ. ಡಿ1.1ರಲ್ಲಿ 25 ಮಿ.ಮೀ.ಗಿಂತ ತೆಳುವಾದ ಪ್ಲೇಟಿಗೆ ಸಾಮಾನ್ಯವಾಗಿ 1 ಮಿ.ಮೀ. ತನಕ ಬಿಡಬಹುದು, ಪ್ರತಿ 300 ಮಿ.ಮೀ. ಉದ್ದದಲ್ಲಿ ಒಟ್ಟು 50 ಮಿ.ಮೀ. ಮಾತ್ರ 2 ಮಿ.ಮೀ. ತನಕ ನಡೆಯುತ್ತದೆ. ಅದು ಬಾಯಿಪಾಠ ಆಗಿರುವವರು ಪುಟ ತೆಗೆಯದೆ ಪಾಸ್ ಅಂತ ಗುರುತು ಹಾಕುತ್ತಾರೆ. ಪ್ರಶ್ನೆ ಕೇಳಿದ್ದು ಪಕ್ಕದ ಪುಸ್ತಕ ಏನು ಹೇಳುತ್ತದೆ ಅಂತ. ಇನ್ನು ಕೆಲವರದ್ದು ಶಾಪಿನ ರೂಢಿ. ನಮ್ಮಲ್ಲಿ ಇಷ್ಟು ಬಿಡ್ತೀವಿ, ಗ್ರೈಂಡರ್ ಹೊಡೆದರೆ ಹೋಗ್ತದೆ ಅನ್ನೋ ಲೆಕ್ಕ. ಇನ್‌ಸ್ಪೆಕ್ಟರ್ ಕೆಲಸ ಅದಲ್ಲ. ಅಳೆದದ್ದು ಎಷ್ಟು, ಬರೆದಿರುವ ಮಿತಿ ಎಷ್ಟು, ಒಳಗಿದೆಯಾ ಹೊರಗಿದೆಯಾ, ಅಷ್ಟೇ.

ಅಭ್ಯಾಸಕ್ಕೆ ದುಬಾರಿ ಕಿಟ್ ಬೇಕಂತಿಲ್ಲ. ನಿಮ್ಮ ಶಾಪಿನಲ್ಲೇ ಗುಜರಿ ಪ್ಲೇಟ್ ಬಿದ್ದಿರುತ್ತವೆ ಅಲ್ವಾ? ವೆಲ್ಡರ್ ಅಣ್ಣನಿಗೆ ಹೇಳಿ ಬೇಕಂತಲೇ ಕೆಟ್ಟದಾಗಿ ಹೊಡೆಸಿ: ಕರೆಂಟ್ ಏರಿಸಿ ಅಂಡರ್‌ಕಟ್, ಒದ್ದೆ ರಾಡಿನಿಂದ ಪೊರಾಸಿಟಿ (ಗಾಳಿಯ ರಂಧ್ರ), ಎರಡು ಕಾಲು ಸಮ ಇಲ್ಲದ ಫಿಲೆಟ್ (ಮೂಲೆಯ ವೆಲ್ಡ್). ಅವುಗಳಿಗೆ ನಂಬರ್ ಹಾಕಿ ನೀವೂ ಅಳೆಯಿರಿ, ಗೆಳೆಯರೊಬ್ಬರೂ ಅಳೆಯಲಿ, ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಆಮೇಲೆ ಹೋಲಿಸಿ. ಅರ್ಧ ಮಿ.ಮೀ. ವ್ಯತ್ಯಾಸ ಬಂದರೆ ಗೇಜ್ ಹಿಡಿಯೋ ಕೈ ಪಳಗಿಲ್ಲ ಅಂತ ಅರ್ಥ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಮೇಲಿಂದ ಬಿಟ್ಟರೆ ಅಂಡರ್‌ಕಟ್ ಮರೆಯಾಗುತ್ತದೆ. ಹೊತ್ತು ಇಟ್ಟುಕೊಂಡೇ ಮಾಡಿ, ಪ್ರಶ್ನೆಗೆ ಎರಡೂವರೆ ನಿಮಿಷದ ಮೇಲೆ ಸಿಗುವುದಿಲ್ಲ.

ಇನ್ನೊಂದು ಮಾತು, ಇದು ಪಾರ್ಟ್ ಎ ಬರೆಯುವವರಿಗೆ. ವೆಲ್ಡಿಂಗ್ ಚಿಹ್ನೆಗಳಲ್ಲಿ ಅಮೆರಿಕದ ಪದ್ಧತಿ ಕಲಿಯಿರಿ. ಗೆರೆಯ ಕೆಳಗೆ ಬರೆದದ್ದು ಬಾಣದ ಕಡೆಗೆ, ಮೇಲೆ ಬರೆದದ್ದು ಆಚೆ ಕಡೆಗೆ. ತುಂಡು ಗೆರೆ ಇರುವ ಐಎಸ್ಒ ಡ್ರಾಯಿಂಗ್ ನೋಡಿ ರೂಢಿಯಾದವರು ಇದನ್ನು ಅದಲುಬದಲು ಮಾಡುತ್ತಾರೆ. ಲೆಕ್ಕವೂ ಬರುತ್ತದೆ. ಕಾಲು ಸಮ ಇರುವ ಫಿಲೆಟ್ಟಿನ ಥ್ರೋಟ್ (ಒಳಮೂಲೆಯಿಂದ ವೆಲ್ಡಿನ ಮೇಲ್ಮೈಗೆ ಇರುವ ದಪ್ಪ) ಅಂದರೆ ಕಾಲಿನ 0.707 ಪಾಲು, 6 ಮಿ.ಮೀ. ಫಿಲೆಟ್ಟಿಗೆ 4.2. ಹೀಟ್ ಇನ್‌ಪುಟ್ಟಿಗೆ, ಅಂದರೆ ವೆಲ್ಡಿನ ಉದ್ದಕ್ಕೆ ಎಷ್ಟು ಶಾಖ ಇಳಿಯಿತು ಅನ್ನೋದಕ್ಕೆ, 25 ವೋಲ್ಟ್, 200 ಆಂಪಿಯರ್, ನಿಮಿಷಕ್ಕೆ 300 ಮಿ.ಮೀ. ವೇಗ ಕೊಟ್ಟರೆ ಉತ್ತರ ಮಿ.ಮೀ.ಗೆ 1 ಕಿಲೋ ಜೌಲ್. ಇಂಚು, ಮಿಲಿಮೀಟರ್ ಎರಡರಲ್ಲೂ ಕೈ ಓಡಬೇಕು.

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ಮಾಡಿದ್ದೇನೆ, ಶೆಡ್ ನಿಲ್ಲಿಸುವ ಸೈಟಿನಲ್ಲಿದ್ದೇನೆ. ನಮ್ಮಲ್ಲಿ ವೆಲ್ಡಿಂಗಿಗಿಂತ ಬೋಲ್ಟ್ ಕೆಲಸವೇ ಜಾಸ್ತಿ. ಅದಕ್ಕೂ ಪರೀಕ್ಷೆ ಇದೆಯಾ ಸರ್?
(ವಿಜಯಪುರದ ಓದುಗರು)

ಉತ್ತರ: ಇದೆ ತಂಗಿ. ಅಮೆರಿಕದ ಐಸಿಸಿ ಸಂಸ್ಥೆ ಸ್ಟೀಲ್ ಮತ್ತು ಬೋಲ್ಟಿಂಗಿಗೆ ಒಂದು, ಸ್ಟ್ರಕ್ಚರಲ್ ವೆಲ್ಡಿಂಗಿಗೆ ಇನ್ನೊಂದು ಪರೀಕ್ಷೆ ನಡೆಸುತ್ತದೆ, ಎರಡೂ ಪುಸ್ತಕ ನೋಡಿ ಬರೆಯುವಂಥವು. ಅವು ಅಲ್ಲಿನ ಕಟ್ಟಡ ನಿಯಮಕ್ಕಾಗಿ ಇರುವವು. ಆ ಕಡೆ ಹೋಗುವ ಯೋಚನೆ ಇಲ್ಲದಿದ್ದರೆ ದುಡ್ಡು ಹಾಕಬೇಡಿ. ಸ್ಟೀಲ್ ಕಟ್ಟಡ, ಹೈ ಸ್ಟ್ರೆಂತ್ ಬೋಲ್ಟ್‌ಗಳ ಬಗ್ಗೆ ಇರುವ ನಮ್ಮ ಭಾರತೀಯ ಮಾನದಂಡ ಐಎಸ್ 800, ಐಎಸ್ 4000, ಐಎಸ್ 3757 ಈ ಮೂರನ್ನು ಸರಿಯಾಗಿ ಓದಿ.

ಅಲ್ಲಿನ ಪಾಠದಲ್ಲಿ ನಮ್ಮ ಸೈಟಿಗೂ ಬೇಕಾದದ್ದಿದೆ. ಮೊದಲು ಪ್ಲೇಟುಗಳು ಒಂದಕ್ಕೊಂದು ಕೂರುವಷ್ಟು ಬಿಗಿ ಮಾಡಬೇಕು, ಗುರುತು ಹಾಕಬೇಕು, ಆಮೇಲೆ ನಟ್ ತಿರುಗಿಸಬೇಕು. ಬೋಲ್ಟಿನ ಉದ್ದ ಅದರ ದಪ್ಪದ 4 ಪಟ್ಟಿನೊಳಗಿದ್ದರೆ ಸುತ್ತಿನ ಮೂರನೇ ಒಂದು ಭಾಗ, 8 ಪಟ್ಟಿನ ತನಕ ಅರ್ಧ ಸುತ್ತು. ಗ್ಯಾಲ್ವನೈಸ್ ಮಾಡಿದ ಹೈ ಸ್ಟ್ರೆಂತ್ ಬೋಲ್ಟನ್ನು ಒಮ್ಮೆ ಪೂರ್ತಿ ಬಿಗಿದ ಮೇಲೆ ಬಿಚ್ಚಿ ಮತ್ತೆ ಹಾಕುವಂತಿಲ್ಲ. ಈ ಕೊನೆಯದನ್ನು ಮೇಸ್ತ್ರಿಗಳು ಒಪ್ಪುವುದಿಲ್ಲ, ಬೋಲ್ಟ್ ಚೆನ್ನಾಗೇ ಇದೆಯಲ್ಲ ಅನ್ನುತ್ತಾರೆ. ಕೋಡಿನ ಪುಟ ತೋರಿಸಿ ಮಾತಾಡಿ, ಆಗ ನಿಮ್ಮ ಮಾತು ನಿಲ್ಲುತ್ತದೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಕೋಡ್ ಪುಸ್ತಕದ ಇಂಗ್ಲಿಷ್ ನೋಡಿದರೆ ಎದೆ ಝಲ್ ಅನ್ನುತ್ತದೆ.
(ಇಳಕಲ್ಲಿನ ಓದುಗರು)

ಉತ್ತರ: ಇಡೀ ಪುಸ್ತಕ ಓದಲು ಹೋಗಬೇಡಿ. ಡಿ1.1ರ 2020ರ ಆವೃತ್ತಿಯಾದರೆ 8ನೇ ಅಧ್ಯಾಯ ತಪಾಸಣೆಯದು, ಅಲ್ಲಿನ ಕೋಷ್ಟಕ 8.1ರಿಂದ ಶುರು ಮಾಡಿ. ಅದರಲ್ಲಿ ಬರುವ ಬಿರುಕು, ರಂಧ್ರ, ಅಂಡರ್‌ಕಟ್ ಎಲ್ಲ ನೀವು ಕಣ್ಣಾರೆ ಕಂಡವು. ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಬಿಡಬೇಡಿ, ಪ್ರಶ್ನೆ ಹುಟ್ಟೋದೇ ಅಲ್ಲಿಂದ. ಆಮೇಲೆ ತೇವ ತಾಗಬಾರದ ಇ7018 ವೆಲ್ಡಿಂಗ್ ರಾಡಿನ ಭಾಗ: ಡಬ್ಬಿ ಒಡೆದ ಮೇಲೆ ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಇಡಬೇಕು, ಸಾಮಾನ್ಯ ಇ7018 ಆದರೆ ಓವನ್ನಿನ ಹೊರಗೆ 4 ಗಂಟೆಯಷ್ಟೇ. ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಕನ್ನಡದಲ್ಲೇ ನಿಮ್ಮದೊಂದು ಪಟ್ಟಿ ಮಾಡಿಕೊಂಡು ಅಭ್ಯಾಸ ಮಾಡಿ.

ಪ್ರಶ್ನೆ: ಕನ್ನಡಕ ಇದ್ದರೆ ನಡೆಯುತ್ತದಾ?
(ಗೋಕಾಕದ ಓದುಗರು)

ಉತ್ತರ: ನಡೆಯುತ್ತದೆ. ಸಿಡಬ್ಲ್ಯುಐಗೆ ಸುಮಾರು 30 ಸೆಂ.ಮೀ. ದೂರದಿಂದ ಜೇಗರ್ ಜೆ2 ಅನ್ನೋ ಕಣ್ಣಿನ ಪರೀಕ್ಷೆಯ ಸಣ್ಣ ಅಕ್ಷರ ಓದಲು ಬರಬೇಕು, ಕನ್ನಡಕ ಹಾಕಿಕೊಂಡೇ ಓದಬಹುದು. ಬಣ್ಣ ಗುರುತಿಸುವ ಪರೀಕ್ಷೆಯೂ ಇರುತ್ತದೆ. ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದವರಾದರೆ ಫೀಸು ಕಟ್ಟುವ ಮೊದಲೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಹೊಸ ನಂಬರಿನ ಕನ್ನಡಕ ಮಾಡಿಸಿಕೊಂಡು ಅದರಲ್ಲೇ ಗೇಜ್ ಓದಿ ರೂಢಿ ಮಾಡಿಕೊಳ್ಳಿ.