ದೂರು ಹೆಚ್ಚಾದರೆ ಅಪರಾಧ ಹೆಚ್ಚಾಯಿತೆಂದೇ ಅರ್ಥವೇ?

ಪ್ರಶ್ನೆ: ಜಾಗೃತಿ ಕಾರ್ಯಕ್ರಮಗಳು ಹೆಚ್ಚಿದಷ್ಟೂ ಪ್ರಕರಣಗಳೂ ಹೆಚ್ಚುತ್ತಿವೆ. ಅಪರಾಧದ ಬಗ್ಗೆ ಇಷ್ಟು ಮಾತನಾಡುವುದೇ ತಪ್ಪಲ್ಲವೇ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಠಾಣೆಯ ದಾಖಲೆಯಲ್ಲಿರುವುದು ನಡೆದ ಅಪರಾಧಗಳ ಲೆಕ್ಕವಲ್ಲ. ಯಾರೋ ಧೈರ್ಯ ಮಾಡಿ ಹೇಳಿ, ಇನ್ಯಾರೋ ಬರೆದುಕೊಂಡ ಅಪರಾಧಗಳ ಲೆಕ್ಕ. ಮನೆಯೊಳಗೆ ಏಟು ತಿನ್ನುವ ಹೆಂಗಸು ಅದನ್ನು ಹಣೆಬರಹವೆಂದು ನುಂಗಿಕೊಂಡಿರುವಷ್ಟು ಕಾಲ ಆ ಲೆಕ್ಕದಲ್ಲಿ ಅವಳಿಲ್ಲ. ಅದು ಅಪರಾಧವೆಂದು ಅವಳಿಗೂ ದೂರು ಬರೆದುಕೊಳ್ಳುವವರಿಗೂ ಮನವರಿಕೆಯಾದಾಗ ಅಂಕಿ ಏರುತ್ತದೆ, ಏರಲೇಬೇಕು. ಈ ಕಾರಣದಿಂದಲೇ ಅಮೆರಿಕದಲ್ಲಿ ಜನರನ್ನೇ ನೇರವಾಗಿ ವಿಚಾರಿಸುವ ಪ್ರತ್ಯೇಕ ಸಮೀಕ್ಷೆ 1973ರಲ್ಲಿ, ಬ್ರಿಟನ್ನಿನಲ್ಲಿ 1982ರಲ್ಲಿ ಆರಂಭವಾಯಿತು. ಅಮೆರಿಕದ ಸಮೀಕ್ಷೆಯ ಪ್ರಕಾರ ಹಿಂಸೆಯ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಪೊಲೀಸರನ್ನು ತಲುಪುವುದೇ ಇಲ್ಲ.

ಆದರೆ ಭಯ ಹುಟ್ಟಿಸುವುದನ್ನೇ ಜಾಗೃತಿಯೆಂದು ಕರೆಯುವವರ ಬಗ್ಗೆ ನನಗೆ ಸಹನೆಯಿಲ್ಲ. 1964ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಯುವತಿಯ ಕೊಲೆಯಾದಾಗ, 38 ಮಂದಿ ನೋಡುತ್ತ ನಿಂತರು, ಒಬ್ಬರೂ ನೆರವಿಗೆ ಬರಲಿಲ್ಲ ಎಂಬ ಕಥೆ ಹಬ್ಬಿತು. ಭಾಷಣಗಳಲ್ಲಿ ಇಂದಿಗೂ ಅದನ್ನೇ ಹೇಳುತ್ತಾರೆ. ವಾಸ್ತವದಲ್ಲಿ ದಾಳಿಯನ್ನು ಪೂರ್ತಿಯಾಗಿ ಕಂಡವರು ಅಷ್ಟು ಮಂದಿ ಇರಲೇ ಇಲ್ಲ. ಒಬ್ಬ ವ್ಯಕ್ತಿ ಕಿಟಕಿಯಿಂದ ಗದರಿದ್ದರಿಂದ ಹಂತಕ ತುಸು ಹೊತ್ತು ಅಲ್ಲಿಂದ ದೂರ ಸರಿದಿದ್ದ. ನೆರೆಮನೆಯ ಹೆಂಗಸೊಬ್ಬಳು ಕೆಳಗಿಳಿದು ಬಂದು ಗಾಯಾಳುವನ್ನು ತನ್ನ ತೋಳಿನಲ್ಲಿ ಹಿಡಿದುಕೊಂಡಿದ್ದಳು. ಕಥೆ ಹಬ್ಬಿಸಿದ ಪತ್ರಿಕೆಯೇ ಅದು ಉತ್ಪ್ರೇಕ್ಷಿತವೆಂದು 2016ರಲ್ಲಿ ಒಪ್ಪಿಕೊಂಡಿತು. ಆ ರಾತ್ರಿ ನಿಜವಾಗಿ ಇಲ್ಲದಿದ್ದದ್ದು, ತುರ್ತು ಕರೆಗೆ ಎಲ್ಲರ ಬಾಯಲ್ಲಿರುವ ಒಂದೇ ಒಂದು ಸಂಖ್ಯೆ. 911 ಬಂದದ್ದು 1968ರಲ್ಲಿ. ಜನ ಕಲ್ಲೆದೆಯವರು ಎಂದು ಕೇಳಿದವನು ಬಾಗಿಲು ಹಾಕಿಕೊಳ್ಳುತ್ತಾನೆ, ಎಲ್ಲಿಗೆ ಕರೆ ಮಾಡಬೇಕೆಂದು ತಿಳಿದವನು ಕರೆ ಮಾಡುತ್ತಾನೆ. ಆದ್ದರಿಂದ ಯಾವುದೇ ಜಾಗೃತಿ ಕಾರ್ಯಕ್ರಮದಲ್ಲಿ ನಾನು ಮೊದಲು ಕೇಳುವುದು ಇಷ್ಟೇ: ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ, ಹೇಳಿದವರ ಗುರುತು ಗುಟ್ಟಾಗಿ ಉಳಿಯುತ್ತದೆಯೇ ಎಂಬುದನ್ನು ಅಲ್ಲಿ ತಿಳಿಸಿದ್ದಾರೆಯೇ?

ಪ್ರಶ್ನೆ: ಮುಖಲಕ್ಷಣದಿಂದ ಅಪರಾಧಿಯನ್ನು ಗುರುತಿಸುವ ತರಬೇತಿಗೆ ಸೇರಬಹುದೇ?

ಉತ್ತರ: ಬೇಡ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಮಂಡಿಸಿದ ಈ ವಾದವನ್ನು ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸಾವಿರಾರು ಕೈದಿಗಳ ಅಳತೆ ತೆಗೆದು 1913ರಲ್ಲೇ ಅಲ್ಲಗಳೆದರು. ಇಂದು ಅದನ್ನು ವಿಜ್ಞಾನವೆಂದು ಮಾರುವವರು ನಿಮ್ಮನ್ನು ವಂಚಿಸುತ್ತಿದ್ದಾರೆ.

ಪ್ರಶ್ನೆ: ಮಕ್ಕಳ ಕಳ್ಳರ ಫೋಟೊ ಇರುವ ಸಂದೇಶವನ್ನು ಎಲ್ಲರಿಗೂ ಕಳುಹಿಸುವುದು ಕರ್ತವ್ಯವಲ್ಲವೇ?

ಉತ್ತರ: ಅಲ್ಲ. ಇಂಥ ಸಂದೇಶಗಳನ್ನು ನಂಬಿದ ಗುಂಪುಗಳು ನಿರಪರಾಧಿಗಳನ್ನು ಹೊಡೆದು ಕೊಂದಿವೆ. ಅನುಮಾನವಿದ್ದರೆ ಪೊಲೀಸರಿಗೆ ಮಾತ್ರ ತಿಳಿಸಿ.