ರಾಜಕೀಯ ಗೊಂದಲದ ನಡುವೆ ಸಾಂಕ್ರಾಮಿಕ ರೋಗ ತಡೆಯುವ ಕೆಲಸ ಮಾಡಲು ಸಾಧ್ಯವೇ?

ಸಾಧ್ಯ. ಆದರೆ ಆರೋಗ್ಯ ಕಾರ್ಯಕರ್ತರು ಯಾರ ಪಕ್ಷದವರೂ ಅಲ್ಲ ಎಂದು ಜನ ನಂಬಬೇಕು.

1985ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಯುನಿಸೆಫ್ ಮತ್ತು ಕ್ಯಾಥೊಲಿಕ್ ಚರ್ಚ್ ಮಧ್ಯಸ್ಥಿಕೆ ವಹಿಸಿ ಮಾತಾಡಿದ ಮೇಲೆ, ಮಕ್ಕಳಿಗೆ ಲಸಿಕೆ ಹಾಕಲೆಂದು ಮೂರು ಬೇರೆ ಬೇರೆ ದಿನ ಎರಡೂ ಕಡೆ ಬಂದೂಕು ಸುಮ್ಮನಾದವು. 1995ರಲ್ಲಿ ಸುಡಾನ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಾತುಕತೆಯಿಂದ ಬಂದ ಕದನವಿರಾಮ ಹೆಚ್ಚುಕಡಿಮೆ ಆರು ತಿಂಗಳು ನಿಂತಿತು. ಕುಡಿಯುವ ನೀರಿನಿಂದ ಹರಡುವ ನಾರುಹುಣ್ಣು ತಡೆಯಲು ನೀರು ಸೋಸುವ ಬಟ್ಟೆಗಳು ಹಳ್ಳಿಗಳಿಗೆ ತಲುಪಿದ್ದು ಆ ಬಿಡುವಿನಲ್ಲೇ. ಶೀತಲ ಸಮರದ ಕಾಲದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟಗಳೆರಡೂ ಸಿಡುಬಿನ ವಿರುದ್ಧ ಕೈಜೋಡಿಸಿದ್ದವು.

ನಂಬಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಪಾಕಿಸ್ತಾನವನ್ನು ನೋಡಿ. ಒಸಾಮಾ ಬಿನ್ ಲಾಡೆನ್‌ನನ್ನು ಪತ್ತೆಹಚ್ಚಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅಬೋಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆ ಅಭಿಯಾನದ ಸೋಗು ಹಾಕಿಸಿತ್ತು. 2011ರಲ್ಲಿ ಅದು ಬಯಲಾದಾಗ ಲಸಿಕೆಯ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. 2012ರಲ್ಲಿ ತಾಲಿಬಾನ್ ನಾಯಕರು ಉತ್ತರ ವಜೀರಿಸ್ತಾನದಲ್ಲಿ ಪೋಲಿಯೊ ಹನಿ ಹಾಕುವುದನ್ನೇ ನಿಷೇಧಿಸಿದರು. ಮನೆಮನೆಗೆ ಹೋಗುತ್ತಿದ್ದ ಕಾರ್ಯಕರ್ತೆಯರು ಗುಂಡಿಗೆ ಬಲಿಯಾದರು. ಲಸಿಕೆ ಅಭಿಯಾನಗಳನ್ನು ಮುಂದೆ ಹೀಗೆ ಬಳಸುವುದಿಲ್ಲ ಎಂದು ಶ್ವೇತಭವನ ಹೇಳಿದ್ದು 2014ರಲ್ಲಿ. ಲಸಿಕೆಯನ್ನು ಬೇಹುಗಾರಿಕೆಗೆ ಬಳಸಿದ್ದು ನನಗೆ ಕ್ಷಮಿಸಲಾಗದ ತಪ್ಪೆನಿಸುತ್ತದೆ.

ಹಾಗಾಗಿ ಈ ಕೆಲಸಕ್ಕೆ ಬರುವವರು ಊರಿನ ಹಿರಿಯರು, ಧರ್ಮಗುರುಗಳು, ತಾಯಂದಿರ ಜೊತೆ ಕೂತು ಮಾತಾಡುವುದನ್ನು ರೋಗಶಾಸ್ತ್ರದಷ್ಟೇ ಶ್ರದ್ಧೆಯಿಂದ ಕಲಿಯಬೇಕು.