ಬೇಡ ಅನ್ನುವ ಹಕ್ಕು ಯಾರದು?

ಮದ್ದೂರಿನ ಓದುಗರೊಬ್ಬರ ಪತ್ರದ ಸಾರ: “ಬಳಕೆದಾರರ ಕಂಪ್ಯೂಟರ್‌ಗಳೇ ಒಂದಕ್ಕೊಂದು ನೇರವಾಗಿ ಫೈಲು ಹಂಚಿಕೊಳ್ಳುವ ಪೀರ್-ಟು-ಪೀರ್ ಜಾಲಗಳಲ್ಲಿ ಸೆನ್ಸಾರ್ ನಡೆಯುವುದಿಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಲ್ಲಿ ಬಳಸುವವರೇ ಬೇಡವಾದ್ದನ್ನು ಬ್ಲಾಕ್ ಮಾಡಿದರೆ ಅದೂ ಸೆನ್ಸಾರೇ ಅಲ್ವಾ? ಮಾಡದೇ ಹೋದರೆ ಊರ ಕೊಳಕೆಲ್ಲ ನನ್ನ ಕಂಪ್ಯೂಟರಿಗೆ ಬಂದು ಕೂರುವುದಿಲ್ವಾ?”

ಮೈಸೂರಿನಲ್ಲಿ ಕೂತು ಪತ್ರಿಕೆ ಮಾಡುವವನಿಗೆ ಸೆನ್ಸಾರ್ ಅಂದ ಕೂಡಲೇ ಹಳೆಯ ಮೈಸೂರಿನ ಪತ್ರಕರ್ತ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ನೆನಪಾಗುತ್ತಾರೆ. 1908ರಲ್ಲಿ ಸಂಸ್ಥಾನ ಸರ್ಕಾರ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯಿದೆ ತಂದಾಗ ಅವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಏನು ಓದಬಹುದು ಅನ್ನೋದನ್ನು ಸರ್ಕಾರ ತೀರ್ಮಾನಿಸಿತು. ಓದುಗರನ್ನು ಯಾರೂ ಕೇಳಲಿಲ್ಲ. ಅದೇ ನಾಳೆ ನೀವು ನಮ್ಮ ಚಂದಾ ನಿಲ್ಲಿಸಿದರೆ ನನಗೆ ಬೇಜಾರಾಗುತ್ತದೆ ನಿಜ, ಆದರೆ ನಿಮ್ಮ ಪಕ್ಕದ ಮನೆಯವರ ಓದಿಗೆ ಏನೂ ಅಡ್ಡಿಯಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇಷ್ಟೇ ಉತ್ತರ.

ಎರಡನೆಯದು ಕಷ್ಟದ್ದು. ಯಾವ ಜಾಲ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

1999ರಲ್ಲಿ ಬಂದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಜನರ ಕಂಪ್ಯೂಟರ್‌ಗಳಲ್ಲೇ ಇದ್ದವು. ಆದರೆ ಯಾವ ಹಾಡು ಯಾರ ಹತ್ತಿರ ಇದೆ ಅನ್ನುವ ಪಟ್ಟಿ ಕಂಪನಿಯ ಸರ್ವರ್‌ನಲ್ಲಿತ್ತು. 2001ರಲ್ಲಿ ಅಮೆರಿಕದ ಕೋರ್ಟಿನ ಕೈ ಆ ಪಟ್ಟಿಗೆ ತಾಗಿತು, ಕಥೆ ಮುಗಿಯಿತು. ಅದೇ ವರ್ಷ ಬಂದ ಬಿಟ್‌ಟೊರೆಂಟ್‌ನಲ್ಲಿ ಮುಂದೆ ಆ ಪಟ್ಟಿಯೂ ಬಳಕೆದಾರರ ನಡುವೆಯೇ ಹಂಚಿಹೋಯಿತು. ಅಲ್ಲಿ ನೀವು ಕೇಳಿದ ಫೈಲಿನ ತುಣುಕುಗಳು ಮಾತ್ರ ನಿಮ್ಮ ಹತ್ತಿರ ಇರುತ್ತವೆ, ಅವನ್ನೇ ಬೇರೆಯವರಿಗೂ ಕೊಡುತ್ತೀರಿ. ಕರೆಯದೆ ಏನೂ ಬರುವುದಿಲ್ಲ. ಫೈಲು ಹಂಚಿಕೊಳ್ಳುವ ಇನ್ನೊಂದು ಜಾಲವಾದ ಐಪಿಎಫ್‌ಎಸ್ ಕೂಡ ಹೆಚ್ಚುಕಮ್ಮಿ ಹೀಗೇ. ಯಾರಿಗೂ ಬೇಡವಾದ ಫೈಲು ಅಲ್ಲಿ ತಾನಾಗಿಯೇ ಇಲ್ಲವಾಗುತ್ತದೆ. ‘ಅಳಿಸಲಾಗದು’ ಅಂದ ಮಾತ್ರಕ್ಕೆ ‘ಎಂದೆಂದಿಗೂ ಉಳಿಯುತ್ತದೆ’ ಅಂತ ತುಂಬಾ ಜನ ಸುಮ್ನೆ ನಂಬಿದ್ದಾರೆ.

ನಿಮ್ಮ ಭಯ ನಿಜವಾಗುವುದು ಫ್ರೀನೆಟ್‌ನಲ್ಲಿ. 2000ದಲ್ಲಿ ಇಯಾನ್ ಕ್ಲಾರ್ಕ್ ಶುರುಮಾಡಿದ ಜಾಲ ಇದು, 2023ರಿಂದ ಇದರ ಹೆಸರು ಹೈಫಾನೆಟ್. ಡಿಸ್ಕಿನಲ್ಲಿ ಸ್ವಲ್ಪ ಜಾಗ ಕೊಡಬೇಕು. ಯಾರದೋ ಫೈಲಿನ ತುಣುಕುಗಳು ಗೂಢಲಿಪಿಯಲ್ಲಿ ಬಂದು ಅಲ್ಲಿ ಸೇರುತ್ತವೆ. ಒಳಗೇನಿದೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ: ನಿಮಗೇ ಗೊತ್ತಿಲ್ಲದ್ದನ್ನು ‘ಅಳಿಸು’ ಅಂತ ಯಾರು ನಿಮ್ಮನ್ನು ಹೆದರಿಸಲು ಸಾಧ್ಯ? ಬರೆದದ್ದಕ್ಕೆ ಜೈಲಿಗೆ ಹಾಕುವ ದೇಶದಲ್ಲಿ ಇರುವವರಿಗೆ ಈ ಉಪಾಯದ ಬೆಲೆ ಗೊತ್ತು. ಆದರೂ ನಾನು ನನ್ನ ಡಿಸ್ಕ್ ಕೊಡಲಾರೆ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರದ ಒಂದು ಚೂರೂ ನನ್ನ ಮನೆಯಲ್ಲಿ ಇರಬಾರದು ಅನ್ನುವ ಹಟ ನನ್ನದು. ಆಯ್ಕೆಯನ್ನೇ ಕಿತ್ತುಕೊಂಡು ಕೊಡುವ ಸ್ವಾತಂತ್ರ್ಯ ನನಗೆ ಅರ್ಧ ಮಾತ್ರ ರುಚಿಸುತ್ತದೆ.

ಇನ್ನೊಂದು ತೊಡಕನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರತಿಯೊಬ್ಬರೂ ಕೂತು ಬ್ಲಾಕ್ ಪಟ್ಟಿ ಬರೆಯುವುದು ಆಗದ ಕೆಲಸ. ಯಾರೋ ಮಾಡಿದ ಪಟ್ಟಿಯನ್ನೇ ಎಲ್ಲರೂ ಹಾಕಿಕೊಳ್ಳುತ್ತಾರೆ. 2019ರಲ್ಲಿ, ದ್ವೇಷದ ಮಾತುಗಳಿಗೆ ಹೆಸರಾದ ಗ್ಯಾಬ್ ಎಂಬ ತಾಣ, ಬೇರೆ ಬೇರೆಯವರ ಸರ್ವರ್‌ಗಳನ್ನು ಒಂದಕ್ಕೊಂದು ಬೆಸೆಯುವ ಮಾಸ್ಟೊಡಾನ್ ತಂತ್ರಾಂಶಕ್ಕೆ ಬಂದಾಗ ಎಷ್ಟೋ ಸರ್ವರ್‌ಗಳು ಅದರ ಸಂಪರ್ಕ ಕಡಿದುಕೊಂಡವು. ಅದು ಅವರವರ ಇಷ್ಟ, ಸರಿ. ಕೆಲವು ಆ್ಯಪ್‌ಗಳು ಮಾತ್ರ ಗ್ಯಾಬಿಗೆ ಲಾಗಿನ್ ಆಗುವುದನ್ನೇ ಒಳಗಿನಿಂದ ತಡೆದವು. ಗ್ಯಾಬಿನ ಮಾತುಗಳ ಮೇಲೆ ನನಗೇನೂ ಪ್ರೀತಿಯಿಲ್ಲ, ಆದರೆ ಅಲ್ಲಿ ಬಳಕೆದಾರನ ಕೈಯಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ನಾನು ಎರಡೇ ನೋಡುತ್ತೇನೆ: ಪಟ್ಟಿ ನನ್ನ ಕಣ್ಣಿಗೆ ಕಾಣುತ್ತದಾ? ಗೆಳೆಯರನ್ನು ಕಳೆದುಕೊಳ್ಳದೆ ಅದನ್ನು ಬದಲಾಯಿಸಬಹುದಾ? ತಾಣ, ಆ್ಯಪ್‌ಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ನಮ್ಮ ಐಟಿ ಕಾಯಿದೆಯ 69ಎ ಕಲಮಿನ ಕೆಳಗೆ ನಡೆಯುವ ತಡೆ ಮೊದಲನೆಯದರಲ್ಲೇ ಸೋಲುತ್ತದೆ, ಆ ಪ್ರಕ್ರಿಯೆಯನ್ನು ಗುಟ್ಟಾಗಿಡಬೇಕೆಂದು 2009ರ ನಿಯಮವೇ ಹೇಳುತ್ತದೆ. 2023ರ ಮೇನಲ್ಲಿ ಸರ್ಕಾರ ತಡೆದ 14 ಆ್ಯಪ್‌ಗಳಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ಬ್ಲೂಟೂತ್‌ನಲ್ಲಿ ಸಂದೇಶ ಕಳಿಸುವ ಬ್ರೈಯರ್ ಕೂಡ ಇತ್ತು.

ನೀವು ಪ್ರಯೋಗ ಮಾಡುವುದಾದರೆ ಬಿಟ್‌ಟೊರೆಂಟ್‌ನಿಂದ ಶುರುಮಾಡಿ. ಲಿನಕ್ಸ್‌ನ ಉಬುಂಟು ಅಧಿಕೃತವಾಗಿಯೇ ಅಲ್ಲಿ ಸಿಗುತ್ತದೆ. ಒಂದು ಎಚ್ಚರ: ನಿಮ್ಮ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಆ ಫೈಲು ಹಂಚುವವರಿಗೆಲ್ಲ ಕಾಣುತ್ತದೆ, ಹಂಚಿದ್ದರ ಹೊಣೆಯೂ ನಿಮ್ಮದೇ.

— ಸಂಪಾದಕ